ಹರಿಯುವ ನೀರಿಗೆ ಸಾಬೂನು ಬೆರೆಸುವ ಕವಾಟ: ಬಳಸುವ ಬಗೆ ಮತ್ತು ವಹಿಸಬೇಕಾದ ಎಚ್ಚರ

ದನದ ಕೊಟ್ಟಿಗೆ, ಹಾಲಿನ ಪಾತ್ರೆ, ಸಿಂಪರಣಾ ಯಂತ್ರ, ಟ್ರಾಕ್ಟರು – ಇವುಗಳನ್ನು ತೊಳೆಯುವುದು ಬೇಸಾಯಗಾರನ ಮನೆಯಲ್ಲಿ ನಿತ್ಯದ ಕೆಲಸ. ಕೆಲಸ ಸಣ್ಣದೆಂದು ಕಂಡರೂ ಹಾಲಿನ ಗುಣ, ರಾಸುಗಳ ಆರೋಗ್ಯ, ಬೆಳೆಯ ಕ್ಷೇಮ ಇವೆಲ್ಲವೂ ಇದನ್ನು ಅವಲಂಬಿಸಿವೆ. ಬಕೆಟ್ಟಿನಲ್ಲಿ ಸೋಡಾ ಕಲಸಿ, ಬಗ್ಗಿ ಉಜ್ಜಿ, ಮತ್ತೆ ನೀರು ಹೊತ್ತು ಸುರಿಯುವ ಶ್ರಮವನ್ನು ತಪ್ಪಿಸಲು ಈಗ ಅನೇಕ ರೈತರು ನೀರಿನ ಪೈಪಿಗೆ ಒಂದು ಚಿಕ್ಕ ಕವಾಟವನ್ನು ಜೋಡಿಸಿಕೊಳ್ಳುತ್ತಿದ್ದಾರೆ. ನಲ್ಲಿ ತಿರುಗಿಸಿದೊಡನೆ ಅದು ಪಕ್ಕದಲ್ಲಿಟ್ಟ ಸಾಬೂನಿನ ದ್ರಾವಣವನ್ನು ತಾನೇ ಹೀರಿಕೊಂಡು ಹರಿಯುವ ನೀರಿಗೆ ಬೆರೆಸುತ್ತದೆ. ಇದಕ್ಕೆ ಮೋಟಾರು ಬೇಡ, ವಿದ್ಯುತ್ತು ಬೇಡ, ಚಲಿಸುವ ಭಾಗವೂ ಇಲ್ಲ. ಹನಿ ನೀರಾವರಿಯಲ್ಲಿ ರಸಗೊಬ್ಬರ ಬೆರೆಸಲು ಬಳಸುವ ವೆಂಚುರಿಯೂ ಇದೇ ಜಾತಿಯದು.

ಉಪಕರಣ ಸರಳವಾದುದೇನೋ ನಿಜ. ಆದರೆ ಇದನ್ನು ಜೋಡಿಸುವ ಜಾಗ ತಪ್ಪಿದರೆ ಸಾಬೂನಿನ ನೀರು ಕೊಟ್ಟಿಗೆಗೆ ಹೋಗುವ ಬದಲು ಮನೆಯವರು ಕುಡಿಯುವ ನೀರಿಗೆ ಸೇರಬಹುದು. ನಾನು ಈ ಲೇಖನ ಬರೆಯಲು ಕಾರಣವೂ ಅದೇ. ಅಂಥ ತಪ್ಪನ್ನು ಮಾಡಿದವರು ಬೇರೆ ಯಾರೂ ಅಲ್ಲ, ನಾನೇ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದಾಗ, ನಮ್ಮ ಅಣ್ಣನ ಕೊಟ್ಟಿಗೆಗೆ ಹೋಗುವ ನೀರಿನ ಕೊಳವೆಗೆ ಇಂಥ ಒಂದು ಕವಾಟವನ್ನು ನಾನೇ ಜೋಡಿಸಿದೆ. ಕೊಳವೆಯು ತೆರೆದ ಬಾವಿಯ ಪಂಪಿನಿಂದ ನೇರವಾಗಿ ಬರುತ್ತಿತ್ತು. ಅದರಲ್ಲೇ ಒಂದು ಕವಲು ದನಗಳ ನೀರಿನ ತೊಟ್ಟಿಗೂ ಇತ್ತು. ಆ ಕವಲಿನ ಪೈಪಿನ ತುದಿ ತೊಟ್ಟಿಯ ನೀರಿನೊಳಗೆ ಮುಳುಗಿತ್ತು. ಎರಡು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಕೊಟ್ಟಿಗೆ ತೊಳೆಯುತ್ತಿರುವಾಗ ಕರೆಂಟು ಹೋಯಿತು. ಬಕೆಟ್ಟಿನಲ್ಲಿದ್ದ ಸೋಡಾ ನೀರು ನೋಡನೋಡುತ್ತಿದ್ದಂತೆ ಇಳಿದುಹೋಯಿತು. ಪೈಪಿನ ತುದಿಯಿಂದ ಒಂದು ಹನಿಯೂ ಬರುತ್ತಿರಲಿಲ್ಲ. ಆದರೂ ಬಕೆಟ್ಟು ಖಾಲಿ!

ಸಂಜೆ ಕರೆಂಟು ಬಂದು ಪಂಪು ಹಾಕಿದಾಗ ತೊಟ್ಟಿಯಲ್ಲಿ ನೊರೆ ಎದ್ದಿತು. ಹಸುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಅತ್ತಿಗೆ ಅಡಿಗೆಮನೆಗೆ ಹಿಡಿದಿಟ್ಟ ಕೊಡದಲ್ಲೂ ಅದೇ ನೊರೆ. "ನೀನು ಓದಿದ್ದು ದನಕ್ಕಾದರೂ ಅರ್ಥ ಆಯ್ತಲ್ಲಪ್ಪ" ಎಂದರು ಅಣ್ಣ. ಅಂದು ಬಕೆಟ್ಟಿನಲ್ಲಿದ್ದುದು ಬರೀ ಸೋಡಾ. ಅದರ ಜಾಗದಲ್ಲಿ ಕೀಟನಾಶಕವೋ ಕಳೆನಾಶಕವೋ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನೀವೇ ಊಹಿಸಿ. ಬಾವಿಯ ನೀರನ್ನೆಲ್ಲ ಎತ್ತಿ ಹೊರಹಾಕಲು ನಮಗೆ ಎರಡು ದಿನ ಹಿಡಿಯಿತು.

ಇದು ಹೇಗಾಯಿತು, ಹೇಗೆ ತಪ್ಪಿಸಬಹುದಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಮೊದಲು ಕವಾಟ ಕೆಲಸ ಮಾಡುವ ರೀತಿಯನ್ನು ತಿಳಿಯಬೇಕು.

ಕವಾಟದ ತತ್ತ್ವ

ಅಗಲವಾದ ಕಾಲುವೆಯಲ್ಲಿ ನಿಧಾನವಾಗಿ ಹರಿಯುವ ನೀರು ಇಕ್ಕಟ್ಟಾದ ಜಾಗಕ್ಕೆ ಬಂದಾಗ ರಭಸದಿಂದ ಹರಿಯುವುದನ್ನು ನೀವು ಗದ್ದೆಯ ಬದುವಿನಲ್ಲಿ ದಿನವೂ ನೋಡಿದ್ದೀರಿ. ಪೈಪಿನೊಳಗೂ ಹೀಗೆಯೇ. ಕವಾಟದ ನಡುಭಾಗದಲ್ಲಿ ಪೈಪು ಕಿರಿದಾಗಿ ಒಂದು ಕುತ್ತಿಗೆಯಂತಾಗಿರುತ್ತದೆ. ಅಲ್ಲಿಂದ ಮುಂದೆ ನಿಧಾನವಾಗಿ ಮತ್ತೆ ಅಗಲವಾಗುತ್ತದೆ. ಕುತ್ತಿಗೆಯಲ್ಲಿ ನೀರಿನ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಾಗ ಒತ್ತಡ ತಗ್ಗುತ್ತದೆ. ಈ ಎರಡನೆಯ ಮಾತು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ ಸತ್ಯ. ನೀರಿನಲ್ಲಿರುವ ಶಕ್ತಿಯು ಒಂದೇ ಗಂಟಿನ ಹಣವಿದ್ದಂತೆ. ವೇಗಕ್ಕೆ ಹೆಚ್ಚು ಖರ್ಚಾದರೆ ಒತ್ತಡಕ್ಕೆ ಉಳಿಯುವುದು ಕಡಿಮೆ.

ಇದನ್ನು ಲೆಕ್ಕದಲ್ಲಿ ನೋಡೋಣ. ಪೈಪಿನ ಒಳವ್ಯಾಸ 18 ಮಿ.ಮೀ., ಕುತ್ತಿಗೆಯ ವ್ಯಾಸ 6 ಮಿ.ಮೀ. ಎಂದಿಟ್ಟುಕೊಳ್ಳಿ. ವ್ಯಾಸ ಮೂರನೆಯ ಒಂದು ಭಾಗವಾದರೆ, ನೀರು ಹಾಯುವ ಜಾಗ ಒಂಬತ್ತನೆಯ ಒಂದು ಭಾಗವಾಗುತ್ತದೆ. ವೇಗ ಒಂಬತ್ತು ಪಟ್ಟಾಗುತ್ತದೆ. ನಿಮಿಷಕ್ಕೆ 20 ಲೀಟರು ನೀರು ಹರಿಯುತ್ತಿದ್ದರೆ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1.3 ಮೀಟರು, ಕುತ್ತಿಗೆಯಲ್ಲಿ ಸುಮಾರು 11.8 ಮೀಟರು. ಇದರಿಂದ ಕುತ್ತಿಗೆಯಲ್ಲಿ ಒತ್ತಡವು ಸುಮಾರು 7 ಮೀಟರು ಎತ್ತರದ ನೀರಿನ ಕಂಬದಷ್ಟು ಇಳಿಯುತ್ತದೆ. ಕುತ್ತಿಗೆಗೆ ಮುಂಚಿನ ಒತ್ತಡ ಅದಕ್ಕಿಂತ ಕಡಿಮೆಯಿದ್ದರೆ, ಕುತ್ತಿಗೆಯ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ತಗ್ಗುತ್ತದೆ. ಅಲ್ಲಿ ಒಂದು ರಂಧ್ರ ಮಾಡಿ ಸಣ್ಣ ನಳಿಕೆ ಸೇರಿಸಿ, ಅದರ ತುದಿಯನ್ನು ದ್ರಾವಣದಲ್ಲಿ ಅದ್ದಿದರೆ, ಹೊರಗಿನ ಗಾಳಿಯೇ ದ್ರಾವಣವನ್ನು ಒಳಕ್ಕೆ ತಳ್ಳುತ್ತದೆ. ನಾವು ಇದನ್ನು "ಹೀರುವುದು" ಎನ್ನುತ್ತೇವೆ.

ವೇಗಕ್ಕೂ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಡೇನಿಯಲ್ ಬರ್ನೂಲಿ ಎಂಬ ವಿಜ್ಞಾನಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಕಿರಿದಾದ ಕೊಳವೆಗಳಲ್ಲಿ ನೀರಿನ ಹರಿವನ್ನು ಕುರಿತು ಇಟಲಿಯ ಜೊವಾನಿ ಬತ್ತಿಸ್ತಾ ವೆಂಚುರಿ (1746–1822) ನಡೆಸಿದ ಪ್ರಯೋಗಗಳು 1797ರಲ್ಲಿ ಪ್ರಕಟವಾದವು. ಕವಾಟಕ್ಕೆ ಅವನ ಹೆಸರೇ ನಿಂತಿದೆ. ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಹೊಡೆಯುತ್ತಿದ್ದ ಕೈಪಂಪು, ಪೆಟ್ರೋಲ್ ಎಂಜಿನ್ನಿನ ಕಾರ್ಬುರೇಟರು ಇವುಗಳಲ್ಲಿಯೂ ವೇಗವಾಗಿ ಹಾಯುವ ಗಾಳಿಯಿಂದ ದ್ರವವನ್ನು ಮೇಲಕ್ಕೆ ಸೆಳೆಯುವ ಉಪಾಯವೇ ಇದೆ.

ಜೋಡಿಸುವ ಕ್ರಮ

1. ಕವಾಟವನ್ನು ಬಾವಿ ಅಥವಾ ಕೊಳವೆಬಾವಿಯ ಪಂಪಿನಿಂದ ಬರುವ ಮುಖ್ಯ ಕೊಳವೆಗೆ ಎಂದೂ ಜೋಡಿಸಬಾರದು. ಪಂಪಿನ ನೀರು ಮೊದಲು ಒಂದು ತೊಟ್ಟಿಗೆ ಮೇಲಿನಿಂದ ಬೀಳಬೇಕು. ಆ ತೊಟ್ಟಿಯಿಂದ ಕೊಟ್ಟಿಗೆಗೆಂದೇ ಬೇರೆಯಾಗಿ ಹೊರಟ ಕೊಳವೆಯಲ್ಲಿ ಕವಾಟವಿರಬೇಕು. ಈ ತೊಟ್ಟಿಯ ನೀರನ್ನು ಅಡಿಗೆಗೆ ಬಳಸಬಾರದು.

2. ತೊಟ್ಟಿಗೆ ನೀರು ಬೀಳುವ ಪೈಪಿನ ತುದಿಯು ತೊಟ್ಟಿಯ ಅಂಚಿಗಿಂತ ಮೇಲಿರಬೇಕು. ಪೈಪಿನ ವ್ಯಾಸದ ಎರಡರಷ್ಟು, ಹೇಗಾದರೂ 25 ಮಿ.ಮೀ.ಗೆ ಕಡಿಮೆಯಿಲ್ಲದಷ್ಟು ಅಂತರ ಬೇಕು. ಪೈಪಿಗೂ ನೀರಿಗೂ ನಡುವೆ ಇರುವ ಈ ಗಾಳಿಯ ಅಂತರಕ್ಕಿಂತ ಅಗ್ಗವಾದ, ನಂಬಿಕೆಯಾದ ರಕ್ಷಣೆ ಬೇರೊಂದಿಲ್ಲ.

3. ಕವಾಟದ ಮೈಮೇಲೆ ಬಾಣದ ಗುರುತಿರುತ್ತದೆ. ನೀರು ಆ ದಿಕ್ಕಿಗೇ ಹರಿಯಬೇಕು. ತಿರುವುಮುರುವಾಗಿ ಜೋಡಿಸಿದರೆ ಹೀರುವುದಿಲ್ಲ.

4. ಕವಾಟಕ್ಕೆ ಮುಂಚೆ ಒಂದು ಜಾಲರಿ ಇರಲಿ. ಮರಳಿನ ಕಣ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ ಕೆಲಸ ನಿಲ್ಲುತ್ತದೆ.

5. ಹೀರುವ ನಳಿಕೆಯಲ್ಲಿ ಒಮ್ಮುಖ ಕವಾಟ ಕಡ್ಡಾಯವಾಗಿ ಇರಬೇಕು. ತೊಳೆಯುವ ಪೈಪಿನ ತುದಿಯನ್ನು ಯಾರಾದರೂ ಮುಚ್ಚಿದರೆ, ಇದು ಇಲ್ಲದಿದ್ದಲ್ಲಿ ನೀರು ನಳಿಕೆಯ ಮೂಲಕ ಹಿಂದಕ್ಕೆ ನುಗ್ಗಿ ಬಕೆಟ್ಟು ತುಂಬಿ ಹೊರಚೆಲ್ಲುತ್ತದೆ. ಮುಖ್ಯ ಕೊಳವೆಯಲ್ಲಿ, ಕವಾಟಕ್ಕೆ ಮುಂಚೆ, ಇನ್ನೊಂದು ಒಮ್ಮುಖ ಕವಾಟವನ್ನು ಹಾಕಿ.

6. ದ್ರಾವಣದ ಬಕೆಟ್ಟನ್ನು ಕವಾಟಕ್ಕಿಂತ ತುಸು ಕೆಳಗೆ, ಒಂದು ಮೀಟರಿನೊಳಗೆ ಇಡಿ. ಮೇಲಿಟ್ಟರೆ ನಲ್ಲಿ ನಿಲ್ಲಿಸಿದ ಮೇಲೂ ದ್ರಾವಣ ತಾನಾಗಿ ಇಳಿಯುತ್ತಿರುತ್ತದೆ. ತೀರಾ ಕೆಳಗಿಟ್ಟರೆ ಹೀರುವುದು ಕಷ್ಟವಾಗುತ್ತದೆ.

ಪ್ರಮಾಣ ಗೊತ್ತುಮಾಡುವ ವಿಧಾನ

ಅಂಗಡಿಯವರು ಹೇಳಿದ ಪ್ರಮಾಣವನ್ನು ನಂಬಿ ಕೂರಬೇಡಿ. ನಿಮ್ಮ ತೊಟ್ಟಿಯ ಎತ್ತರ, ನಿಮ್ಮ ಪೈಪಿನ ಉದ್ದ ಇವುಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ನೀವೇ ಅಳೆದುಕೊಳ್ಳಬೇಕು. ಇದಕ್ಕೆ ಬೇಕಾದುದು ಒಂದು 20 ಲೀಟರಿನ ಬಕೆಟ್ಟು, ಗುರುತು ಹಾಕಿದ ಒಂದು ಪಾತ್ರೆ ಮತ್ತು ಒಂದು ಗಡಿಯಾರ.

ಅಳತೆಯ ಪಾತ್ರೆಯಲ್ಲಿ 2 ಲೀಟರು ಬರೀ ನೀರು ಹಾಕಿ ಹೀರುವ ನಳಿಕೆಯನ್ನು ಅದ್ದಿ. ತೊಳೆಯುವ ಪೈಪನ್ನು ಪೂರ್ತಿ ಬಿಚ್ಚಿ, ನೀವು ತೊಳೆಯುವ ಮಟ್ಟದಲ್ಲೇ ತುದಿಯನ್ನು ಹಿಡಿದು ಬಕೆಟ್ಟಿಗೆ ಬಿಡಿ. ಬಕೆಟ್ಟು ತುಂಬಿದೊಡನೆ ನಲ್ಲಿ ನಿಲ್ಲಿಸಿ. ಬಕೆಟ್ಟು ಒಂದು ನಿಮಿಷದಲ್ಲಿ ತುಂಬಿತು, ಪಾತ್ರೆಯಲ್ಲಿ ಒಂದು ಲೀಟರು ಕಡಿಮೆಯಾಯಿತು ಎನ್ನೋಣ. ಅಂದರೆ ಹೊರಬಂದ 20 ಭಾಗ ನೀರಿನಲ್ಲಿ 1 ಭಾಗ ದ್ರಾವಣ. ಇದೇ ನಿಮ್ಮ ಕವಾಟದ ಪ್ರಮಾಣ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

ಈಗ ನೆಲ ತೊಳೆಯಲು ಶೇಕಡಾ ಅರ್ಧದಷ್ಟು, ಎಂದರೆ ಲೀಟರಿಗೆ 5 ಗ್ರಾಂ ಸೋಡಾ ಬೇಕೆಂದುಕೊಳ್ಳಿ. ಕವಾಟವು ದ್ರಾವಣವನ್ನು 20 ಪಟ್ಟು ತೆಳುವಾಗಿಸುತ್ತದೆ. ಆದ್ದರಿಂದ ಬಕೆಟ್ಟಿನ ದ್ರಾವಣವು ಅದರ 20 ಪಟ್ಟು ಗಟ್ಟಿಯಿರಬೇಕು: ಲೀಟರಿಗೆ 100 ಗ್ರಾಂ. 5 ಲೀಟರು ದ್ರಾವಣಕ್ಕೆ 500 ಗ್ರಾಂ ಸೋಡಾ ಸಾಕು. ಅದರಿಂದ 100 ಲೀಟರು ತೊಳೆಯುವ ನೀರು ದೊರೆಯುತ್ತದೆ.

ಒತ್ತಡ ತಗ್ಗಿದರೆ ಈ ಪ್ರಮಾಣವೂ ಕೆಡುತ್ತದೆಂಬುದನ್ನು ಮರೆಯಬೇಡಿ. ತೊಟ್ಟಿಯ ನೀರು ತಳ ಸೇರಿದಾಗ ಹರಿವು ನಿಮಿಷಕ್ಕೆ 12 ಲೀಟರಿಗೆ ಇಳಿದು, ಹೀರುವುದು 200 ಮಿ.ಲೀ.ಗೆ ಇಳಿಯಿತು ಎಂದಾದರೆ ಪ್ರಮಾಣ 60ಕ್ಕೆ 1 ಆಗುತ್ತದೆ; ಲೀಟರಿಗೆ 5 ಗ್ರಾಂ ಬದಲು 2 ಗ್ರಾಮಿಗೂ ಕಡಿಮೆ ಸೋಡಾ ಬರುತ್ತದೆ. ಆದುದರಿಂದ ಅಂದಾಜಿನಿಂದ ನಡೆಯುವ ಕೆಲಸಗಳಿಗೆ ಮಾತ್ರ ಈ ಕವಾಟ. ನಿಖರ ಪ್ರಮಾಣ ಬೇಕಾದ ಕೆಲಸಗಳಿಗೆ ಅಲ್ಲ.

ಉದಾಹರಣೆಗೆ ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಗೆ ಶೇಕಡಾ 4ರ ಸೋಡಾ ದ್ರಾವಣ ಬೇಕಾಗುತ್ತದೆ. ಇದನ್ನು 20ಕ್ಕೆ 1 ಹೀರುವ ಕವಾಟದಿಂದ ಕೊಡಬೇಕಾದರೆ ಬಕೆಟ್ಟಿನಲ್ಲಿ ಲೀಟರಿಗೆ 800 ಗ್ರಾಂ ಸೋಡಾ ಕರಗಬೇಕು. ಅಷ್ಟು ಕರಗುವುದೇ ಇಲ್ಲ. ಅಂಥ ಸಂದರ್ಭದಲ್ಲಿ ನೇರವಾಗಿ ಬಕೆಟ್ಟಿನಲ್ಲೇ ಲೀಟರಿಗೆ 40 ಗ್ರಾಂ ಒಣ ಸೋಡಾ ಪುಡಿಯನ್ನು ಕಲಸಿ ಬಳಸಿ. ಹರಳು ಸೋಡಾ ಆದರೆ ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಲೀಟರಿಗೆ ಸುಮಾರು 108 ಗ್ರಾಂ ಬೇಕು.

ಯಾವುದಕ್ಕೆ ಯಾವುದು?

ಸಾಬೂನು: ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟುವುದಿಲ್ಲ. ನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಷಿಯಂ ಅಂಶಗಳೊಡನೆ ಕೂಡಿ ಮೊಸರಿನ ಕೆನೆಯಂಥ ಕಲ್ಮಷವಾಗುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಕಡೆ ಮಾರ್ಜಕದ ಪುಡಿ ಅಥವಾ ದ್ರವವೇ ಮೇಲು.

ಸೋಡಾ: ಜಿಡ್ಡು ತೆಗೆಯಲು ಒಳ್ಳೆಯದು, ಅಗ್ಗವೂ ಹೌದು. ಆದರೆ ಗಡಸು ನೀರಿನಲ್ಲಿ ಸೋಡಾ ಬೆರೆತೊಡನೆ ಸುಣ್ಣವು ಬಿಳಿಯ ಗಸಿಯಾಗಿ ಇಳಿಯುತ್ತದೆ. ಕವಾಟದ ಕುತ್ತಿಗೆಯಲ್ಲಿ ಇದು ಕಟ್ಟಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ನಳಿಕೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಒಂದೆರಡು ನಿಮಿಷ ಹೀರಿಸಿ. ಗಸಿ ಕಟ್ಟಿದ್ದರೆ ಕವಾಟವನ್ನು ಬಿಚ್ಚಿ ನಿಂಬೆರಸದಲ್ಲೋ ಹುಣಿಸೆಹಣ್ಣಿನ ಗಟ್ಟಿ ನೀರಿನಲ್ಲೋ ರಾತ್ರಿ ನೆನೆಹಾಕಿ. ತಂತಿಯಿಂದ ಕೆರೆಯಬೇಡಿ, ಕುತ್ತಿಗೆಯ ಒಳಮೈ ಒರಟಾದರೆ ಹೀರುವ ಶಕ್ತಿ ಕುಂದುತ್ತದೆ.

ಬ್ಲೀಚಿಂಗ್ ಪುಡಿ: ಇದನ್ನು ಕವಾಟದಲ್ಲಿ ಬಳಸಬೇಡಿ. ಕರಗದೆ ಉಳಿಯುವ ಸುಣ್ಣವು ರಂಧ್ರವನ್ನು ಮುಚ್ಚುತ್ತದೆ. ತೊಳೆದ ಪಾತ್ರೆಗಳ ಕ್ರಿಮಿನಾಶಕ್ಕೆ ಬೇಕಾದರೆ, ಶೇಕಡಾ 25 ಕ್ಲೋರಿನ್ ಇರುವ ಪುಡಿಯನ್ನು 10 ಲೀಟರು ನೀರಿಗೆ 8 ಗ್ರಾಂನಂತೆ ಕದಡಿ, ತಿಳಿಯನ್ನು ಬಸಿದು ಬಳಸಿ. ಹತ್ತು ಲಕ್ಷಕ್ಕೆ 200 ಭಾಗ ಕ್ಲೋರಿನ್ ಆಗುತ್ತದೆ. ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ. ಗಂಜಲ ನಿಂತ ನೆಲಕ್ಕೆ ಹಾಕಿದರೂ ಕಣ್ಣು, ಗಂಟಲು ಉರಿಯುವ ಅನಿಲ ಬರುತ್ತದೆ. ಮೊದಲು ನೆಲವನ್ನು ಬರೀ ನೀರಿನಿಂದ ತೊಳೆದೇ ಬಳಸಬೇಕು.

ಹಾಲಿನ ಪಾತ್ರೆಗಳು: ಹಾಲು ಸುರಿದ ಕೂಡಲೇ ಪಾತ್ರೆಯನ್ನು ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರಿನಿಂದ ಜಾಲಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಸಸಾರಜನಕ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಮಾರ್ಜಕದ ನೀರಿನಿಂದ ಉಜ್ಜಿ, ಬರೀ ನೀರಿನಿಂದ ಕಡೇ ಪಕ್ಷ ಎರಡು ಸಲ ತೊಳೆದು, ಬೋರಲು ಹಾಕಿ ಒಣಗಿಸಿ. ಅಲ್ಯೂಮಿನಿಯಂ ಕ್ಯಾನಿಗೆ ಸೋಡಾ ದ್ರಾವಣ ಬೇಡ. ಅದು ಲೋಹವನ್ನೇ ತಿನ್ನುತ್ತದೆ. ಪಾತ್ರೆಯಲ್ಲಿ ಉಳಿದ ಮಾರ್ಜಕ ಹಾಲಿಗೆ ಸೇರಿದರೆ ಅದು ಕಲಬೆರಕೆಯೇ. ನೀವು ಬೇಕೆಂದು ಬೆರೆಸಿಲ್ಲವೆಂಬುದನ್ನು ಪರೀಕ್ಷೆಯ ಕೊಳವೆ ಅರಿಯದು. ಹಾಗೆಯೇ ಕೆಚ್ಚಲು ತೊಳೆಯಲು ಈ ನೀರನ್ನು ಬಳಸಬೇಡಿ.

ಸಿಂಪರಣಾ ಯಂತ್ರ: ಕಳೆನಾಶಕಕ್ಕೆ ಬೇರೆಯೇ ಯಂತ್ರವಿರುವುದು ಉತ್ತಮ. ರಾಗಿಗೋ ಜೋಳಕ್ಕೋ 2,4-ಡಿ ಹೊಡೆದ ಯಂತ್ರದಲ್ಲಿ ಉಳಿದ ತುಸು ಅಂಶವೂ ಹತ್ತಿ, ಟೊಮ್ಯಾಟೊ, ದ್ರಾಕ್ಷಿಯ ಎಲೆಗಳನ್ನು ಮುರುಟಿಸಬಲ್ಲದು. ಬೇರೆ ಯಂತ್ರವಿಲ್ಲದಿದ್ದರೆ ಮೂರು ಸಲ ನೀರಿನಿಂದ ಜಾಲಿಸಿ, ಲೀಟರಿಗೆ 5 ಗ್ರಾಂ ಸೋಡಾ ಹಾಕಿದ ನೀರನ್ನು ತುಂಬಿ ನಳಿಕೆ, ಮೂತಿಗಳ ಮೂಲಕವೂ ಹಾಯಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಶುದ್ಧ ನೀರಿನಿಂದ ತೊಳೆಯಿರಿ. ತೊಳೆದ ನೀರನ್ನು ಕೆರೆ, ಕಾಲುವೆ, ಬಾವಿಯ ಬಳಿ ಚೆಲ್ಲಬೇಡಿ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿಯೇ ಹರಡಿ ಚೆಲ್ಲಿ.

ಹಿಮ್ಮುಖ ಹೀರಿಕೆ ಎಂಬ ಅಪಾಯ

ಈಗ ನಮ್ಮ ಊರಿನ ಘಟನೆಗೆ ಹಿಂದಿರುಗೋಣ. ಪಂಪು ನಿಂತಾಗ ಕೊಳವೆಯಲ್ಲಿದ್ದ ನೀರು ತನ್ನ ಭಾರದಿಂದ ಬಾವಿಯ ಕಡೆಗೆ ಇಳಿಯತೊಡಗಿತು. ಪಂಪಿನ ತಳದ ಫುಟ್‌ವಾಲ್ವು ಸವೆದಿದ್ದರಿಂದ ಅದನ್ನು ತಡೆಯಲಿಲ್ಲ. ನೀರು ಇಳಿದಂತೆ ಕೊಳವೆಯ ಮೇಲ್ಭಾಗದಲ್ಲಿ ಒತ್ತಡ ತಗ್ಗಿತು. ಹೀರುವ ನಳಿಕೆ ಬಕೆಟ್ಟಿನಲ್ಲಿ ಮುಳುಗಿತ್ತು. ಹೊರಗಿನ ಗಾಳಿ ಸೋಡಾ ನೀರನ್ನು ಕೊಳವೆಯೊಳಕ್ಕೆ ತಳ್ಳಿತು. ತೊಟ್ಟಿಯಲ್ಲಿ ಮುಳುಗಿದ್ದ ಪೈಪಿನಿಂದ ದನದ ಎಂಜಲು ನೀರೂ ಹಿಂದಕ್ಕೆ ಹೋಯಿತು. ಎರಡೂ ಸೇರಿ ಬಾವಿಗೆ ಇಳಿದವು.

ಕವಾಟ ಅಂದು ತನ್ನ ಕೆಲಸವನ್ನೇ ಮಾಡಿತು. ಎಲ್ಲಿ ಒತ್ತಡ ಕಡಿಮೆಯೋ ಅಲ್ಲಿಗೆ ದ್ರಾವಣವನ್ನು ಬಿಟ್ಟಿತು. ತಪ್ಪು ಮೂರು ಕಡೆ ಇತ್ತು: ಪಂಪಿನ ಕೊಳವೆಗೇ ನೇರ ಜೋಡಣೆ, ಒಮ್ಮುಖ ಕವಾಟವಿಲ್ಲದಿರುವುದು, ಪೈಪಿನ ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿದ್ದು.

ಕವಾಟವನ್ನೇ ಜೋಡಿಸದಿದ್ದರೂ ಈ ಅಪಾಯ ನಿಮ್ಮ ಮನೆಯಲ್ಲಿ ಇರಬಹುದು. ಸಿಂಪರಣಾ ಯಂತ್ರಕ್ಕೆ ಔಷಧಿ ಹಾಕಿ, ಪಂಪಿನ ಪೈಪನ್ನು ಅದರ ಡ್ರಮ್ಮಿನೊಳಗೆ ಇಳಿಬಿಟ್ಟು ನೀರು ತುಂಬಿಸುವ ರೂಢಿ ಹಲವೆಡೆ ಇದೆ. ಆ ಕ್ಷಣದಲ್ಲಿ ಕರೆಂಟು ಹೋದರೆ ವಿಷವೇ ಬಾವಿಗೆ ಇಳಿಯಬಲ್ಲದು. ಆದುದರಿಂದ ಪೈಪಿನ ತುದಿಯನ್ನು ಯಾವಾಗಲೂ ಡ್ರಮ್ಮಿನ ಬಾಯಿಗಿಂತ ಮೇಲೆ ಹಿಡಿಯಿರಿ. ಮೊದಲು ನೀರು ತುಂಬಿ, ಪೈಪನ್ನು ದೂರ ತೆಗೆದು, ಆಮೇಲೆ ಔಷಧಿ ಬೆರೆಸಿ. ಕೀಟನಾಶಕ, ಕಳೆನಾಶಕಗಳನ್ನು ಈ ಕವಾಟದ ಮೂಲಕ ಮನೆಯ ನೀರಿನ ಕೊಳವೆಗೆ ಯಾವ ಕಾರಣಕ್ಕೂ ಬಿಡಬಾರದು.

ಒಮ್ಮುಖ ಕವಾಟವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅದರ ರಬ್ಬರು ಬಿರಿಯುತ್ತದೆ, ಕಸ ಸಿಕ್ಕಿ ತೆರೆದುಕೊಂಡೇ ಉಳಿಯುತ್ತದೆ. ತಿಂಗಳಿಗೊಮ್ಮೆ ಪರೀಕ್ಷಿಸಿ: ನಳಿಕೆಯನ್ನು ಬಕೆಟ್ಟಿನಿಂದ ಹೊರತೆಗೆದು, ನೀರು ಹರಿಯುತ್ತಿರುವಾಗ ತೊಳೆಯುವ ಪೈಪಿನ ತುದಿಯನ್ನು ಒತ್ತಿ ಮುಚ್ಚಿ. ನಳಿಕೆಯಿಂದ ನೀರು ತೊಟ್ಟಿಕ್ಕಿದರೆ ಅದನ್ನು ಬದಲಿಸಬೇಕು.

ತೊಳೆದ ನೀರು ಎಲ್ಲಿಗೆ?

ಬೇಸಾಯಶಾಸ್ತ್ರದವನಾಗಿ ನಾನು ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಕೊಟ್ಟಿಗೆಯ ನೀರನ್ನು ಬಾಳೆಗೋ ತೆಂಗಿಗೋ ಹಸಿರು ಮೇವಿನ ಮಡಿಗೋ ಬಿಡುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಆದರೆ ಅವರ ಕಾಲದ ನೀರಿನಲ್ಲಿ ಇದ್ದುದು ಸಗಣಿ ಮತ್ತು ಗಂಜಲ. ಈಗ ಸೋಡಾ ಸೇರಿದೆ. ಸೋಡಾದಲ್ಲಿ ಸೋಡಿಯಂ ಇದೆ. ಅದು ಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸಿ, ರಂಧ್ರಗಳನ್ನು ಮುಚ್ಚಿ, ನೀರು ಇಂಗದಂತೆ ಮಾಡುತ್ತದೆ. ಒದ್ದೆಯಾದಾಗ ಜಿಗಟು, ಒಣಗಿದಾಗ ಕಲ್ಲು – ಕ್ಷಾರ ಭೂಮಿಯ ಈ ಲಕ್ಷಣವನ್ನು ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟಿನ ಎರೆಭೂಮಿಯ ರೈತರಿಗೆ ನಾನು ವಿವರಿಸಬೇಕಾಗಿಲ್ಲ.

ಲೆಕ್ಕ ನೋಡಿ. ದಿನಕ್ಕೆ 100 ಲೀಟರು ಸೋಡಾ ನೀರು ಬಳಸಿದರೆ 500 ಗ್ರಾಂ ಸೋಡಾ. ಅದರಲ್ಲಿ ಸೋಡಿಯಂ ಶೇಕಡಾ 43ರಷ್ಟು, ಎಂದರೆ ಸುಮಾರು 215 ಗ್ರಾಂ. ವರ್ಷಕ್ಕೆ ಸುಮಾರು 78 ಕಿಲೋ ಸೋಡಿಯಂ ನಿಮ್ಮ ನಾಲ್ಕು ಬಾಳೆಯ ಬುಡಕ್ಕೆ! ಅದೇ ವಾರಕ್ಕೊಮ್ಮೆ ಮಾತ್ರ ಸೋಡಾ ಬಳಸಿದರೆ ವರ್ಷಕ್ಕೆ ಸುಮಾರು 11 ಕಿಲೋ. ಒಂದು ಕಿಲೋ ಸೋಡಿಯಂ ಅನ್ನು ಮಣ್ಣಿನ ಕಣಗಳಿಂದ ಬಿಡಿಸಲು, ಲೆಕ್ಕದ ಪ್ರಕಾರವೇ, ಸುಮಾರು 3.7 ಕಿಲೋ ಜಿಪ್ಸಂ ಬೇಕು. ಬಿಡಿಸಿದ ಮೇಲೆ ಅದನ್ನು ಬಸಿಯಲು ಒಳ್ಳೆಯ ನೀರು ಮತ್ತು ಬಸಿಗಾಲುವೆ ಬೇಕು. ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.

ಆದುದರಿಂದ ಈ ಕ್ರಮವನ್ನು ಅನುಸರಿಸಿ. ಸಗಣಿಯನ್ನು ಮೊದಲು ಬಾಚಿ ತಿಪ್ಪೆಗೋ ಗೋಬರ್ ಗ್ಯಾಸ್ ತೊಟ್ಟಿಗೋ ಹಾಕಿ. ಆಮೇಲೆ ಬರೀ ನೀರಿನಿಂದ ತೊಳೆದು ಆ ನೀರನ್ನು ಮೇವಿನ ಮಡಿಗೆ ಬಿಡಿ. ದಿನನಿತ್ಯಕ್ಕೆ ಇಷ್ಟೇ ಸಾಕು. ವಾರಕ್ಕೊಮ್ಮೆ ಮಾತ್ರ ಕವಾಟ ತೆರೆದು ಸೋಡಾ ಅಥವಾ ಮಾರ್ಜಕದ ನೀರು ಹಾಯಿಸಿ, ಪೊರಕೆಯಿಂದ ಉಜ್ಜಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನೆಲ ಜಾರುತ್ತದೆ, ನೊರೆ ಪೂರ್ತಿ ಹೋಗುವವರೆಗೆ ರಾಸುಗಳನ್ನು ಒಳಗೆ ಬಿಡಬೇಡಿ, ಕರುಗಳು ನೆಲ ನೆಕ್ಕುತ್ತವೆ. ಈ ಎರಡನೆಯ ನೀರನ್ನು ಪ್ರತ್ಯೇಕ ಮೋರಿಯಲ್ಲಿ ಬಾವಿಯಿಂದ ದೂರ, ಬೆಳೆಯಿಲ್ಲದ ಜಾಗದಲ್ಲಿರುವ ಇಂಗುಗುಂಡಿಗೆ ಸೇರಿಸಿ. ಗೋಬರ್ ಗ್ಯಾಸ್ ತೊಟ್ಟಿಗೆ ಇದು ಹೋಗಲೇಬಾರದು. ಅನಿಲ ಉತ್ಪಾದಿಸುವ ಸೂಕ್ಷ್ಮಜೀವಿಗಳಿಗೆ ಮಾರ್ಜಕವೂ ಕ್ರಿಮಿನಾಶಕವೂ ಮಾರಕ. ಒಲೆ ಉರಿಯದಾದಾಗ ಕಾರಣ ಹುಡುಕುತ್ತ ಕೂರಬೇಕಾದೀತು.

ಕವಾಟ ಹೀರದಿದ್ದರೆ

ಬಹಳ ಮಂದಿ "ಕವಾಟ ಕೆಟ್ಟಿದೆ" ಎಂದು ಮೂಲೆಗೆ ಎಸೆಯುತ್ತಾರೆ. ಕವಾಟದಲ್ಲಿ ಕೆಡುವಂಥದು ಹೆಚ್ಚೇನೂ ಇಲ್ಲ. ಈ ಕೆಳಗಿನವುಗಳನ್ನು ಒಂದೊಂದಾಗಿ ನೋಡಿ.

ಪೈಪಿನ ತುದಿಯಲ್ಲಿ ಚಿಲುಮೆಯ ಮೂತಿ ಇದೆಯೇ? ತೆಗೆಯಿರಿ. ಹೊರಹೋಗುವ ದಾರಿ ಕಟ್ಟಿದರೆ ಕುತ್ತಿಗೆಯಲ್ಲಿ ಒತ್ತಡ ಇಳಿಯುವುದಿಲ್ಲ. ಕವಾಟದ ಮುಂದಿನ ಪೈಪು ಬಹಳ ಉದ್ದವೇ? ಸುರುಳಿ ಸುತ್ತಿದೆಯೇ? ತುದಿಯನ್ನು ಎತ್ತರಕ್ಕೆ ಹಿಡಿದಿದ್ದೀರಾ? ಈ ಮೂರೂ ಹೀರುವುದನ್ನು ತಡೆಯುತ್ತವೆ. ಹೀರುವ ನಳಿಕೆಯಲ್ಲಿ ಬಿರುಕಿದ್ದರೆ ದ್ರಾವಣದ ಬದಲು ಗಾಳಿ ಹೋಗುತ್ತದೆ. ಪೈಪಿನಲ್ಲಿ ಗುಳ್ಳೆ ಕಂಡರೆ ಇದೇ ಕಾರಣ. ಇಷ್ಟೆಲ್ಲ ಸರಿಯಿದ್ದರೂ ಹೀರದಿದ್ದರೆ ತೊಟ್ಟಿಯ ಎತ್ತರ ಸಾಲದೆಂದು ತಿಳಿಯಿರಿ.

ನೆನಪಿಡಬೇಕಾದ ಅಂಶಗಳು

1. ಪಂಪಿನ ಕೊಳವೆಗೆ ನೇರವಾಗಿ ಜೋಡಿಸಬೇಡಿ, ನಡುವೆ ತೊಟ್ಟಿಯಿರಲಿ.
2. ಯಾವ ಪೈಪಿನ ತುದಿಯೂ ನೀರಿನಲ್ಲಿ ಮುಳುಗಿರಬಾರದು.
3. ಎರಡು ಒಮ್ಮುಖ ಕವಾಟ ಹಾಕಿ, ತಿಂಗಳಿಗೊಮ್ಮೆ ಪರೀಕ್ಷಿಸಿ.
4. ಪ್ರಮಾಣವನ್ನು ನಿಮ್ಮ ಕೊಟ್ಟಿಗೆಯಲ್ಲೇ ಅಳೆದುಕೊಳ್ಳಿ.
5. ಅಂದಿನ ಕೆಲಸಕ್ಕೆ ಬೇಕಾದಷ್ಟೇ ದ್ರಾವಣ ಕಲಸಿ. ಕೆಲಸ ಮುಗಿದೊಡನೆ ನಳಿಕೆಯನ್ನು ಬಕೆಟ್ಟಿನಿಂದ ತೆಗೆದು ನೇತುಹಾಕಿ.
6. ಸೋಡಾ ನೀರು ವಾರಕ್ಕೊಮ್ಮೆ ಸಾಕು. ಅದನ್ನು ಬೆಳೆಗೂ ಗೋಬರ್ ಗ್ಯಾಸ್ ತೊಟ್ಟಿಗೂ ಬಿಡಬೇಡಿ.
7. ಪೀಡೆನಾಶಕಗಳಿಗೆ ಈ ಕವಾಟ ಬೇಡವೇ ಬೇಡ.

ನಮ್ಮ ಅಣ್ಣನ ಕೊಟ್ಟಿಗೆಯಲ್ಲಿ ಕವಾಟ ಈಗಲೂ ಇದೆ. ಪಂಪಿನ ನೀರು ತೊಟ್ಟಿಗೆ ಒಂದು ಗೇಣು ಮೇಲಿನಿಂದ ಬೀಳುತ್ತದೆ. ನೀವು ಕವಾಟ ಕೊಳ್ಳುವಿರೋ ಬಿಡುವಿರೋ, ಇಂದು ಸಂಜೆ ಒಮ್ಮೆ ನಿಮ್ಮ ದನದ ತೊಟ್ಟಿಯ ಬಳಿ ಹೋಗಿ ಪೈಪಿನ ತುದಿ ಎಲ್ಲಿದೆಯೆಂದು ನೋಡಿ. ನೀರಿನೊಳಗೆ ಮುಳುಗಿದ್ದರೆ ಅದನ್ನು ಮೇಲೆತ್ತಿ ಕಟ್ಟಿ. ಇದಕ್ಕೆ ಖರ್ಚಾಗುವುದು ಒಂದು ತುಂಡು ಹಗ್ಗ ಮಾತ್ರ. ಉಳಿಯುವುದು ಇಡೀ ಮನೆ ಕುಡಿಯುವ ನೀರು.